ಬಣ್ಣದ ಮೇಷ್ಟ್ರ ಎಡಗೈ

ಹತ್ತೊಂಬತ್ತು ವರ್ಷದಿಂದ ಕಾರುಗಳಿಗೆ ಬಣ್ಣ ಹೊಡೆಯುತ್ತಿರುವ ಗಂಡಸಿನ ಮುಂದೆ ಎರಡು ಮಾತು ಆಡಬಾರದು. ‘ಈ ಬಣ್ಣ ಕೂರುವುದಿಲ್ಲ’ ಎನ್ನಬಾರದು. ‘ಇದು ನಿಮ್ಮ ಕೈಲಾಗದು’ ಎನ್ನಬಾರದು. ಆ ಭಾನುವಾರ ಬೆಳಿಗ್ಗೆ ಮೇಷ್ಟ್ರ ಹೆಂಡತಿ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಎರಡನ್ನೂ ಆಡಿ ಮುಗಿಸಿದ್ದಳು.

(ಮೇಷ್ಟ್ರು ಎಂದರೆ ಪಾಠ ಹೇಳುವವರಲ್ಲ. ಗ್ಯಾರೇಜಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ಬಣ್ಣದ ಮೇಷ್ಟ್ರು’ ಎಂದು. ಗುದ್ದಿಸಿಕೊಂಡು ಬಂದ ಬಾಗಿಲಿಗೆ ಅವರು ಬಣ್ಣ ಹೊಡೆದರೆ, ಗುದ್ದಿದ್ದು ಎಲ್ಲಿ ಎಂದು ಗುದ್ದಿಸಿದವನಿಗೇ ನೆನಪಾಗುವುದಿಲ್ಲ. ಆದರೆ ಈ ಮರ್ಯಾದೆ ಗ್ಯಾರೇಜಿನ ಗೇಟಿನವರೆಗೆ ಮಾತ್ರ. ಮನೆಯಲ್ಲಿ ಅವರು ಬರೀ ‘ರೀ’.)

ಹೆಂಡತಿಯ ಅಂಗೈಯಲ್ಲಿ ಬಾಟಲಿ ಮುಚ್ಚಳದಷ್ಟು ಪುಟ್ಟ ಡಬ್ಬಿ ಇತ್ತು. ಅದರೊಳಗಿನ ಪುಡಿ ಹೀಗೆ ವಾಲಿಸಿದರೆ ಹಸಿರು, ಹಾಗೆ ವಾಲಿಸಿದರೆ ನೇರಳೆ.

“ನೇಲ್ ಪಾಲಿಶ್ ಮೇಲೆ ಇದನ್ನ ತಿಕ್ಕಿದ್ರೆ ಉಗುರು ಪಾರಿವಾಳದ ಕತ್ತಿನ ಥರ ಹೊಳೆಯುತ್ತಂತೆ ರೀ. ಆಸೆಪಟ್ಟು ತಂದೆ. ಈಗ ನೋಡಿದ್ರೆ ಪಾರ್ಲರಿನವಳು, ಮಾಮೂಲಿ ಪಾಲಿಶ್ ಮೇಲೆ ಇದು ಕೂರೋದೇ ಇಲ್ಲ, ಅದಕ್ಕೆ ಬೇರೆ ಜೆಲ್ಲು, ಬೇರೆ ದೀಪ ಬೇಕು ಅಂತಾಳೆ.”

“ಕೂರೋದಿಲ್ವಾ?” ಮೇಷ್ಟ್ರು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಕ್ಕರು. “ಇದು ಪರ್ಲ್ ಕಣೇ, ಕಾರಿನ ಬಣ್ಣಕ್ಕೆ ಹೊಳಪು ಕೊಡೋ ಪುಡಿ! ದಿನಾ ನನ್ನ ಮೂಗಿನೊಳಗೆ ಹೋಗೋ ಸಾಮಾನು. ಅಷ್ಟಗಲ ಬಾನೆಟ್ಟಿನ ಮೇಲೆ ಕೂರಿಸ್ತೀನಿ, ಇಷ್ಟು ಉಗುರಿನ ಮೇಲೆ ಕೂರಿಸೋಕಾಗಲ್ವಾ?”

“ಇದು ನಿಮ್ಮ ಕೈಲಾಗಲ್ಲ ಬಿಡಿ. ಬಾನೆಟ್ಟು ಅಲ್ಲಾಡಲ್ಲ, ಮಾತಾಡಲ್ಲ.”

ಅದೇ ಅದರ ದೊಡ್ಡ ಗುಣ ಎಂದರು ಮೇಷ್ಟ್ರು (ಮನಸ್ಸಿನಲ್ಲಿ). ಬಾಯಲ್ಲಿ ಅಂದದ್ದು ಬೇರೆ: “ಸಂಜೆ ನಿಮ್ಮಕ್ಕ ಬಾಯಿ ಬಿಟ್ಟುಕೊಂಡು ನೋಡ್ಬೇಕು, ಹಾಗೆ ಮಾಡ್ತೀನಿ.”

ವಿಷಯ ಇದ್ದದ್ದೇ ಇಲ್ಲಿ. ಅಂದು ಸಂಜೆ ಹೆಂಡತಿಯ ಅಕ್ಕನ ಮಗಳ ಮದುವೆಯ ರಿಸೆಪ್ಶನ್. ಈ ದೊಡ್ಡಕ್ಕ ಹತ್ತು ಜನರ ಮುಂದೆ ಮೇಷ್ಟ್ರನ್ನು ಪರಿಚಯಿಸುವುದು ಹೀಗೆ: “ಇವರು ನನ್ನ ತಂಗಿ ಗಂಡ. ತಗಡಿಗೆ ಬಣ್ಣ ಬಳೀತಾರೆ.” ಬಳೀತಾರಂತೆ! ಬಳಿಯುವುದು ಗೋಡೆಗೆ, ಗೇಟಿಗೆ. ಕಾರಿಗೆ ಹೊಡೆಯುವುದು. ಈ ವ್ಯತ್ಯಾಸವನ್ನು ಅವರು ಆಕೆಗೆ ಮೂರು ಸಲ ವಿವರಿಸಿದ್ದರು, ಮೂರು ಸಲವೂ ಆಕೆ ಹೂಂ ಅಂದು ಮತ್ತೆ ಬಳಿದಿದ್ದಳು. ಆಕೆಯ ಬಾಯಿಂದ ಒಂದೇ ಒಂದು ಸಲ ‘ಎಂಥಾ ಕೆಲಸ!’ ಅನ್ನಿಸಿಕೊಂಡರೆ ಸಾಕು, ಜನ್ಮ ಸಾರ್ಥಕ ಎಂದು ಮೇಷ್ಟ್ರು ಹತ್ತೊಂಬತ್ತು ವರ್ಷದಿಂದ ಕಾಯುತ್ತಿದ್ದರು.

ಬಣ್ಣದವರಿಗೊಂದು ಕಟ್ಟಳೆ ಉಂಟು. ಯಾವ ಬಣ್ಣವನ್ನೂ ಮೊದಲು ತುಂಡು ತಗಡಿನ ಮೇಲೆ ಪರೀಕ್ಷಿಸದೆ ಗಾಡಿಗೆ ಹೊಡೆಯಬಾರದು.

“ಕಿರುಬೆರಳು ಕೊಡು, ಟೆಸ್ಟ್ ನೋಡೋಣ,” ಎಂದರು ಮೇಷ್ಟ್ರು.

“ನನ್ನ ಬೆರಳು ನಿಮಗೆ ತುಂಡು ತಗಡಾ? ನಿಮ್ಮ ಬೆರಳಿಗೇನು ಧಾಡಿ?”

ನ್ಯಾಯವಾದ ಮಾತು. ಮೇಷ್ಟ್ರು ತಮ್ಮ ಎಡಗೈಯನ್ನೇ ಮೇಜಿನ ಮೇಲೆ ಇಟ್ಟುಕೊಂಡರು. ಅತಿ ನುಣುಪಿನ ವಾಟರ್ ಪೇಪರೆಂಬ ಉಜ್ಜುಕಾಗದದಿಂದ ಐದೂ ಉಗುರುಗಳನ್ನು ಸವರಿ, ಒರೆಸಿ, ಸುತ್ತ ಟೇಪು ಅಂಟಿಸಿ, ಹೆಂಡತಿಯ ಕಡುನೇರಳೆ ಪಾಲಿಶನ್ನು ತೆಳ್ಳಗೆ ಎರಡು ಕೋಟು ಎಳೆದರು. ಆಮೇಲೆ ಕಾದರು.

“ಅಂಟಲೂಬಾರದು, ಪೂರ್ತಿ ಒಣಗಲೂಬಾರದು. ಈ ಎರಡರ ನಡುವೆ ಒಂದು ಗಳಿಗೆ ಬರುತ್ತೆ. ಅದನ್ನ ಹಿಡಿಯೋನೇ ಕಸುಬುದಾರ.”

ಗಳಿಗೆ ಬಂತು, ಹಿಡಿದರು. ಸ್ಪಂಜಿನ ತುದಿಯಿಂದ ಪುಡಿ ತಿಕ್ಕಿದರು. ಕೆಲಸದ ಚೀಲದಿಂದ ಕಾರಿಗೆ ಕೊನೆಯಲ್ಲಿ ಹೊಡೆಯುವ ಬಣ್ಣವಿಲ್ಲದ ಕ್ಲಿಯರ್ ತೆಗೆದು, ಅದು ಗಟ್ಟಿಯಾಗಲೆಂದು ಎರಡು ಹನಿ ಹಾರ್ಡ್ನರ್ ಕಲಸಿ ಮೇಲೆ ಸಾರಿಸಿದರು. “ಇನ್ನು ಹತ್ತು ವರ್ಷ ಬಿಸಿಲಿಗೂ ಜಗ್ಗಲ್ಲ, ಮಳೆಗೂ ಜಗ್ಗಲ್ಲ!”

ಹೆಂಡತಿ ಆ ಕೈಯನ್ನು ಹಿಡಿದು ನೋಡಿದಳು. ಹಸಿರು, ನೇರಳೆ, ಅಂಚಿನಲ್ಲಿ ಒಂದಿಷ್ಟು ಚಿನ್ನ. “ಅಯ್ಯಯ್ಯೋ, ರೀ! ಏನ್ರೀ ಇದು, ಎಷ್ಟು ಚೆನ್ನಾಗಿದೆ!” ಎಂದು ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಮದುವೆಯಾದ ಹೊಸತರಲ್ಲಿ ಒಮ್ಮೆ ಹಾಗೆ ಒತ್ತಿಕೊಂಡಿದ್ದಳು. ಮೇಷ್ಟ್ರಿಗೆ ನೆಲದಿಂದ ಎರಡಡಿ ಮೇಲೆ ಹೋದಂತಾಯಿತು.

ಊಟವಾದ ಮೇಲೆ ನಿಜವಾದ ಕೆಲಸ. ಕಿಟಕಿ ಮುಚ್ಚಿದರು, ಫ್ಯಾನು ನಿಲ್ಲಿಸಿದರು, ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಸಿದರು. ಅನಂತರ ಒಂದು ಬಕೆಟ್ ನೀರು ತಂದು ಹಾಲಿನ ನೆಲಕ್ಕೆ ಸುರಿದರು.

“ಅಯ್ಯೋ, ಒರೆಸಿ ಇನ್ನೂ ಒಂದು ಗಂಟೆ ಆಗಿಲ್ಲ! ನೀರ್ಯಾಕ್ರೀ?”

“ಧೂಳು ಏಳಬಾರದು. ಬಣ್ಣದ ಬೂತಿನಲ್ಲಿ ಹೀಗೇ ಮಾಡೋದು. ಈಗ ಮಾತಾಡ್ಬೇಡ, ಉಸಿರಿನ ತೇವ ಬಣ್ಣಕ್ಕೆ ಆಗಲ್ಲ.”

(ಇಂಥ ನಿಯಮ ಯಾವ ಗ್ಯಾರೇಜಿನಲ್ಲೂ ಇಲ್ಲ. ಮೇಷ್ಟ್ರು ಸ್ವಂತ ಸುಖಕ್ಕಾಗಿ ಸೇರಿಸಿದ್ದು.)

ಹತ್ತೂ ಉಗುರಿಗೆ ಬಣ್ಣ ಎಳೆದಾಯಿತು. ಹೆಂಡತಿ ಎರಡೂ ಕೈ ಚಾಚಿ ಮೌನವಾಗಿ ಕುಳಿತಳು. ಆ ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸಿದ್ದು ಅದೇ ಮೊದಲು. ಆದರೆ ಸುಖ ಐದು ನಿಮಿಷದ್ದು. ಆಕೆಯ ಹುಬ್ಬುಗಳು ಆಳ್ವಿಕೆ ಶುರುಮಾಡಿದವು. ಬಲಹುಬ್ಬು ಎದ್ದರೆ ಮೂಗು ತುರಿಸಬೇಕು. ಎಡಹುಬ್ಬು ಎದ್ದರೆ ಮುಂಗುರುಳು ಸರಿಸಬೇಕು. ಎರಡೂ ಎದ್ದರೆ ಬೆವರು ಒರೆಸಬೇಕು, ಅದೂ ಓಡಿಬಂದು. ಮೇಷ್ಟ್ರು ಸೋಫಾದ ಸುತ್ತ ಪ್ರದಕ್ಷಿಣೆ ಹಾಕಿದರು.

ಅಷ್ಟರಲ್ಲಿ ಫೋನು. ದೊಡ್ಡಕ್ಕ! ಹುಬ್ಬುಗಳ ಅಪ್ಪಣೆಯಂತೆ ಮೇಷ್ಟ್ರು ಫೋನನ್ನು ಹೆಂಡತಿಯ ಕಿವಿಗೆ ಹಿಡಿದು ನಿಂತರು. ಹೂವಿನವನು ಬಂದಿಲ್ಲ, ಬೀಗರು ಬೇಗ ಬಂದುಬಿಟ್ಟಿದ್ದಾರೆ, ತನ್ನ ಉಗುರಿಗೆ ಪಾರ್ಲರಿನಲ್ಲಿ ಮೂರು ಗಂಟೆ ಹಿಡಿಯಿತು. ಹೆಂಡತಿ “ಹೂಂ, ಹೂಂ” ಅನ್ನುತ್ತಲೇ ಇದ್ದಳು. ಇತ್ತ ಆ ಪುಣ್ಯ ಗಳಿಗೆ ಬಂತು. ಮೇಷ್ಟ್ರು ಕಣ್ಣುಸನ್ನೆ ಮಾಡಿದರು, ಹೆಂಡತಿ ಕಣ್ಣು ಕೆಕ್ಕರಿಸಿದಳು. ಗಳಿಗೆ ಹೊರಟೇ ಹೋಯಿತು. ಹದಿನೆಂಟು ನಿಮಿಷದ ಮೇಲೆ ಫೋನು ಇಟ್ಟಾಗ ಉಗುರಿನ ಬಣ್ಣ ಕಲ್ಲಾಗಿತ್ತು. ಪುಡಿ ತಿಕ್ಕಿದರೆ ಜಾರಿ ಮಡಿಲಿಗೆ ಬಿತ್ತು.

“ಕೂರ್ತಿಲ್ಲ ಕಣೇ.”

“ನಿಮ್ಮ ಬಾಯಲ್ಲಿ ಈ ಮಾತಾ!”

ಮತ್ತೊಂದು ಕೋಟು ಎಳೆದರು. ಮತ್ತೆ ಕಾದರು. ಇನ್ನೇನು ತಿಕ್ಕಬೇಕು, ಡಬ್ಬಿ ತೆರೆದು ಕೈಯಲ್ಲಿದೆ, ಬಾಗಿಲ ಗಂಟೆ ಸದ್ದಾಯಿತು. ಇಸ್ತ್ರಿಯವನು! ಹೆಂಡತಿ ಅಭ್ಯಾಸಬಲದಿಂದ ಎದ್ದಳು. ಒಂದು ಹೆಜ್ಜೆ ಇಟ್ಟಳು. ಎರಡನೆಯ ಹೆಜ್ಜೆಯನ್ನು ಬಕೆಟ್ ನೀರು ಇಟ್ಟಿತು. ಮೇಷ್ಟ್ರು ಹಾರಿ ಹಿಡಿದರು. ಹೆಂಡತಿ ಬೀಳಲಿಲ್ಲ. ಪುಡಿ ಮಾತ್ರ ಚಾವಣಿಯವರೆಗೆ ಹೋಗಿ ನಿಧಾನವಾಗಿ ಇಳಿಯಿತು: ಆಕೆಯ ಜಡೆಗೆ, ಇವರ ಮೀಸೆಗೆ, ಒದ್ದೆ ನೆಲಕ್ಕೆ. ಮೇಷ್ಟ್ರ ಬನಿಯನ್ನಿನ ಮೇಲೆ ಹತ್ತು ನೇರಳೆ ಗೆರೆಗಳು ಮೂಡಿದ್ದವು. ಮುಚ್ಚಿದ ಕಿಟಕಿಯ ಗಾಜಿನಿಂದ ಇಣುಕಿದ ಇಸ್ತ್ರಿಯವನು, ಮಿನುಗುತ್ತಾ ಅಪ್ಪಿಕೊಂಡು ನಿಂತ ದಂಪತಿಗಳನ್ನು ಕಂಡು ಬಟ್ಟೆಯ ಗಂಟನ್ನು ಹೊಸಿಲಲ್ಲೇ ಇಟ್ಟು ಹೋದ.

ಗಡಿಯಾರ ಐದು ತೋರಿಸಿತು. ಹೆಂಡತಿ ಅಳುವುದನ್ನೂ ಬೈಯುವುದನ್ನೂ ಒಟ್ಟಿಗೇ ಮಾಡುತ್ತಾ ರಿಮೂವರ್ ಬಾಟಲಿ ಬಗ್ಗಿಸಿ ಹತ್ತೂ ಉಗುರು ಒರೆಸಿಕೊಂಡಳು. ಕೊನೆಯ ಹತ್ತಿಯುಂಡೆ ಮೇಷ್ಟ್ರಿಗೆ ಸಿಕ್ಕಿತು. ತಿಕ್ಕಿದರು, ಉಜ್ಜಿದರು, ಉಫ್ ಎಂದರು. ಬಣ್ಣ ಜಗ್ಗಲಿಲ್ಲ. ಧೂಳು ಹೋಗಿ ಇನ್ನಷ್ಟು ಹೊಳೆಯಿತು. ಅದನ್ನು ಕರಗಿಸುವ ಥಿನ್ನರ್ ಗ್ಯಾರೇಜಿನಲ್ಲಿ, ಗ್ಯಾರೇಜಿಗೆ ಬೀಗ.

“ಹತ್ತು ವರ್ಷ ಜಗ್ಗಲ್ಲ ಅಂದ್ರಲ್ಲ, ಅನುಭವಿಸಿ!” ಎಂದಳು ಹೆಂಡತಿ. “ಕೈ ಜೇಬಲ್ಲಿರಲಿ. ಆಚೆ ತೆಗೆದ್ರೆ ನೋಡಿ ಮತ್ತೆ!”

ರಿಸೆಪ್ಶನ್ನಿನಲ್ಲಿ ಮೇಷ್ಟ್ರು ಒಂಟಿ ಕೈಯಲ್ಲಿ ಸಂಸಾರ ಮಾಡಿದರು. ಚಪ್ಪಾಳೆಯನ್ನು ತೊಡೆಯ ಮೇಲೆ ತಟ್ಟಿದರು. ಊಟದ ತಟ್ಟೆಯನ್ನು ಕಿಟಕಿಯ ಕಟ್ಟೆಗಿಟ್ಟು ಉಂಡರು. ಎಲ್ಲ ಸುಸೂತ್ರವಾಗಿತ್ತು, ವೇದಿಕೆ ಹತ್ತುವವರೆಗೆ.

“ಎಡಗಡೆ ಇರೋ ಸಾರ್,” ಎಂದು ಫೋಟೋದವನು ಇಡೀ ಹಾಲಿಗೆ ಕೇಳುವಂತೆ ಕೂಗಿದ, “ಜೇಬಿಂದ ಕೈ ತೆಗೀರಿ! ಮದುಮಗಳ ಭುಜದ ಮೇಲಿಡಿ!”

ಮೇಷ್ಟ್ರು ಹೆಂಡತಿಯನ್ನು ನೋಡಿದರು. ಹೆಂಡತಿ ಚಾವಣಿಯನ್ನು ನೋಡಿದಳು. ಕೈ ಹೊರಬಂತು. ಫ್ಲ್ಯಾಶ್ ಬೆಳಗಿತು. ಮದುಮಗಳ ಭುಜದ ಮೇಲೆ ಐದು ಉಗುರುಗಳು ಹಸಿರಾಗಿ, ನೇರಳೆಯಾಗಿ, ಚಿನ್ನವಾಗಿ ಧಗಧಗಿಸಿದವು.

“ಚಿಕ್ಕಪ್ಪಾ!” ಎಂದು ಮದುಮಗಳು ಕಿರುಚಿದಳು.

ದೊಡ್ಡಕ್ಕ ಧಾವಿಸಿ ಬಂದಳು. ಮೇಷ್ಟ್ರ ಮಣಿಕಟ್ಟು ಹಿಡಿದು ಕೈಯನ್ನು ದೀಪದ ಕೆಳಗೆ ಅತ್ತ ಇತ್ತ ತಿರುಗಿಸಿದಳು. ಸುತ್ತ ಹೆಂಗಸರು ನೆರೆದರು.

“ಎಂಥಾ ಕೆಲಸ!” ಎಂದಳು ದೊಡ್ಡಕ್ಕ. “ಒಂದು ಗೆರೆ ಇಲ್ಲ, ಒಂದು ಗುಳ್ಳೆ ಇಲ್ಲ. ನನ್ನ ಉಗುರು ಇದರ ಮುಂದೆ ನಿವಾಳಿಸಿ ಎಸೀಬೇಕು. ಯಾರ್ರೀ ಮಾಡಿದ್ದು?”

ಮೇಷ್ಟ್ರ ಕಣ್ಣು ತುಂಬಿಬಂತು. ‘ನಾನೇ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕುಳಿತಿತು. ಆಗ ಅವರಿಗೆ ಬೀಗರ ಕಡೆಯ ಗಂಡಸರು ಕಂಡರು. ಒಬ್ಬೊಬ್ಬರದೂ ಒಂದೊಂದು ಬಗೆಯ ಮೀಸೆ. ಎಲ್ಲರೂ ಇವರ ಉಗುರನ್ನೇ ನೋಡುತ್ತಿದ್ದರು. ನಾನೇ ಎಂದರೆ, ಮೀಸೆ ಹೊತ್ತ ಗಂಡಸು ಭಾನುವಾರ ಬೆಳಿಗ್ಗೆ ತನ್ನ ಉಗುರಿಗೆ ತಾನೇ ಬಣ್ಣ ಹಚ್ಚಿಕೊಂಡು ಕೂತಿದ್ದ ಎಂದು ಒಪ್ಪಿಕೊಂಡಂತೆ. ಮೇಷ್ಟ್ರು ಕೈಯನ್ನು ಮತ್ತೆ ಜೇಬಿಗೆ ಎಳೆದುಕೊಳ್ಳಲು ನೋಡಿದರು.

“ನಾನೇ ಅಕ್ಕ,” ಎಂದಳು ಹೆಂಡತಿ.

“ನೀನಾ! ಮತ್ತೆ ನಿನ್ನ ಉಗುರು ಯಾಕೆ ಬೋಳು?”

“ಇವರಿಗೆ ಹಚ್ಚೋದ್ರಲ್ಲೇ ಹೊತ್ತು ಹೋಯ್ತು. ನನಗೂ ಬೇಕು, ನನಗೂ ಬೇಕು ಅಂತ ಒಂದೇ ಹಠ.”

ಮೀಸೆಗಳೆಲ್ಲ ನಕ್ಕವು. ಹೆಂಗಸರು ಹೆಂಡತಿಯನ್ನು ಮುತ್ತಿಕೊಂಡರು. ನಮಗೂ ಹೇಳಿಕೊಡು, ಯಾವಾಗ ಬರೋಣ ಎಂದು ಗದ್ದಲವೆದ್ದಿತು.

“ಮುಂದಿನ ಭಾನುವಾರ ಎಲ್ಲರೂ ಮನೆಗೆ ಬನ್ನಿ, ಮಾಡಿ ತೋರಿಸ್ತೀನಿ,” ಎಂದಳು ಆ ಧೀರೆ, ಗಂಡನ ಮುಖ ನೋಡದೆ. “ಇವರ ಬಲಗೈ ಇನ್ನೂ ಖಾಲಿ ಇದೆ.”

ದೊಡ್ಡಕ್ಕ ತಂಗಿಯನ್ನು ತಬ್ಬಿ, ದೃಷ್ಟಿ ತೆಗೆದು, ಆಮೇಲೆ ಮೇಷ್ಟ್ರ ಬೆನ್ನು ತಟ್ಟಿದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆಕೆಯ ದನಿಯಲ್ಲಿ ಪ್ರೀತಿ ಇತ್ತು.

“ಸುಮ್ನೆ ಕೈ ಚಾಚಿ ಕೂರೋದಲ್ಲ ನೀವು. ನಮ್ಮ ಹುಡುಗಿ ಹತ್ರ ಸ್ವಲ್ಪ ಕಲ್ತ್ಕೊಳ್ಳಿ. ನಾಳೆ ಗ್ಯಾರೇಜಿನಲ್ಲಿ ಉಪಯೋಗಕ್ಕೆ ಬರುತ್ತೆ.”

“ಆಗಲಿ ಅಕ್ಕ,” ಎಂದರು ಬಣ್ಣದ ಮೇಷ್ಟ್ರು.