ಮೇಡಂ, ಇನ್ನಾ ಸುತ್ತಾಕತ್ತದ್ರಿ

ಫೋನಿನಲ್ಲಿ "ನಮಸ್ಕಾರ್ರಿ ಮೇಡಂ" ಅನ್ನುವ ದನಿ ಒಂಚೂರು ಎಳೆದಂತೆ ಕೇಳಿದರೆ ಸಾಕು, ನಾನು ಮೇಜಿನ ಕೆಳಗೆ ಚಪ್ಪಲಿ ಹುಡುಕತೊಡಗುತ್ತೇನೆ. ಎಷ್ಟು ವರ್ಷವಾದರೂ ಈ ಫೋನುಗಳು ನಿಂತಿಲ್ಲ, ನನ್ನ ಚಪ್ಪಲಿ ಹುಡುಕಾಟವೂ ನಿಂತಿಲ್ಲ.

ಯಾದಗಿರಿಯ ಸಣ್ಣದೊಂದು ಸಾಫ್ಟ್‌ವೇರ್ ಆಫೀಸಿನಲ್ಲಿ ನನ್ನ ಕೆಲಸ. ನಾವು ಮಾಡಿಕೊಟ್ಟ ಪ್ರೋಗ್ರಾಂಗಳು ಯಾದಗಿರಿ, ಶಹಾಪುರ, ಸುರಪುರದ ಮಿಲ್ಲು, ದವಾಖಾನೆ, ಕಾಲೇಜುಗಳಲ್ಲಿ ಓಡುತ್ತವೆ. ಅವು ನಿಂತಾಗ ಓಡುವವಳು ನಾನು.

ಪ್ರತಿ ಕಡೆಯೂ ಒಂದು ಸರ್ವರ್ ಕಂಪ್ಯೂಟರ್ ಇರುತ್ತದೆ. ಅದರೊಳಗೆ ಸರ್ವ್ಲೆಟ್ ಎಂಜಿನ್ ಅಂತ ಒಂದು ಜಾವಾ ಪ್ರೋಗ್ರಾಂ, ನಮ್ಮ ಬಾಯಲ್ಲಿ ಬರೀ ಎಂಜಿನ್. ಅಲ್ಲಿ ಕೆಲಸ ಮಾಡುವವರು ತಮ್ಮ ತಮ್ಮ ಬ್ರೌಸರ್‌ನಿಂದ ಏನು ಕೇಳಿದರೂ ಉತ್ತರ ಕೊಡಬೇಕಾದದ್ದು ಅದೇ. ತಪ್ಪಾದರೆ ತಪ್ಪಾಗಿದೆ ಅಂತ ಹೇಳಲಿ, ನನ್ನದೇನೂ ತಕರಾರಿಲ್ಲ. ಆದರೆ ಒಮ್ಮೊಮ್ಮೆ ಅದು ಸುಮ್ಮನಾಗಿಬಿಡುತ್ತದೆ. ಹೌದು ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ. ಬ್ರೌಸರ್‌ನಲ್ಲಿ ಸಣ್ಣ ಚಕ್ರವೊಂದು ಸುತ್ತುತ್ತಲೇ ಇರುತ್ತದೆ. ಇದಕ್ಕೆ ಹ್ಯಾಂಗ್ ಆಗುವುದು ಅನ್ನುತ್ತಾರೆ. ಸಿಟ್ಟಾದ ಮಾವನ ಮುಂದೆ ಕೂತಂತೆ ಅದರ ಮುಂದೆ ಕೂತು ನಾನು ಬೆವರಿದ್ದೇನೆ.

ಎಂಜಿನ್ ಬಂದ್ ಮಾಡ್ರಿ

ಶಹಾಪುರದ ಹತ್ತಿರ ಒಂದು ಹತ್ತಿ ಮಿಲ್. ಹತ್ತಿ ತುಂಬಿದ ಟ್ರ್ಯಾಕ್ಟರು ತೂಕದ ಕಾಟಾದ ಮೇಲೆ ನಿಂತರೆ, ತೂಕ ನಮ್ಮ ಪ್ರೋಗ್ರಾಂಗೆ ಹೋಗಿ ಚೀಟಿ ಹೊರಬರಬೇಕು. ಹತ್ತಿ ಬರುವ ಕಾಲ. ಅಲ್ಲಿಯ ಗುಮಾಸ್ತರ ಫೋನ್ ಬಂತು.

"ಮೇಡಂ, ಚೀಟಿ ಬರವಲ್ದು. ಬರೀ ಚಕ್ರ ಸುತ್ತಾಕತ್ತದ. ಗಾಡಿ ಸಾಲು ರೋಡಿಗಿ ಮುಟ್ಟೇದ. ಡ್ರೈವರ್‌ಗೋಳು ನನ್ನ ಮೈಮ್ಯಾಲೆ ಬರಾಕತ್ತಾರ."

ಹಿಂದೆ ಟ್ರ್ಯಾಕ್ಟರುಗಳ ಗದ್ದಲ, ಬೈಗುಳ, ಹಾರನ್ನು.

"ಎಂಜಿನ್ ಒಮ್ಮೆ ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ" ಅಂದೆ.

ಯಾವ ಎಂಜಿನ್ ಅಂತ ಗಡಿಬಿಡಿಯಲ್ಲಿ ನಾನು ಹೇಳಲಿಲ್ಲ, ಗಡಿಬಿಡಿಯಲ್ಲಿ ಅವರೂ ಕೇಳಲಿಲ್ಲ. ಫೋನ್ ಕಿವಿಗಿಟ್ಟುಕೊಂಡೇ ಹೊರಗೆ ಹೋಗಿ ಅವರು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಏ, ಎಲ್ಲಾರೂ ಎಂಜಿನ್ ಬಂದ್ ಮಾಡ್ರೆಪ್ಪಾ. ಯಾದಗಿರಿ ಮೇಡಂ ಹೇಳ್ಯಾರ."

ಒಂದೊಂದಾಗಿ ಟ್ರ್ಯಾಕ್ಟರುಗಳು ಸುಮ್ಮನಾದವು. ಆ ಕಡೆ ಎಲ್ಲ ತಣ್ಣಗಾಯಿತು.

"ರೀ, ಆ ಎಂಜಿನ್ ಅಲ್ರಿ, ಕಂಪ್ಯೂಟರ್ ಒಳಗಿಂದು" ಅಂತ ನಾನು ಬಡಬಡಿಸಿ, ಯಾವ ಗುಂಡಿ ಒತ್ತಬೇಕು ಅಂತ ಹೇಳಿಕೊಟ್ಟೆ. ಅವರು ಒತ್ತಿದರು. ಚೀಟಿ ಬಂತು. ನಾನು ಉಸಿರು ಬಿಟ್ಟೆ. ಆದರೆ ಆ ಕಡೆ ಟ್ರ್ಯಾಕ್ಟರ್ ಹೊರಟ ಸದ್ದೇ ಇಲ್ಲ.

"ಏನಾತ್ರಿ?" ಅಂದೆ.

"ನಿಮ್ಮದು ಚಾಲೂ ಆತ್ರಿ ಮೇಡಂ. ಈಗ ಕಾಟಾ ಮ್ಯಾಲಿನ ಟ್ರ್ಯಾಕ್ಟರ್ ಹ್ಯಾಂಗ್ ಆಗ್ಯಾದ. ಅದಕ್ಕ ಯಾವ ಗುಂಡಿ ಒತ್ತಬೇಕ್ರಿ?"

ಮೌಸ್ ಆಡಿಸೋ ಸೇವಾ

ಸುರಪುರದ ರಂಗಂಪೇಟೆಯ ಒಂದು ರಕ್ತ ಪರೀಕ್ಷೆಯ ಲ್ಯಾಬು. ಬೆಳಗಾದರೆ ಶುಗರ್ ತೋರಿಸುವವರು ಖಾಲಿ ಹೊಟ್ಟೆಯಲ್ಲಿ ಬಂದು ಕೂಡುತ್ತಾರೆ. ಹೆಸರು ಬರೆಸದೆ ರಕ್ತ ತೆಗೆಯುವ ಹಾಗಿಲ್ಲ, ಎಂಜಿನ್ ಏಳದೆ ಹೆಸರು ಬರೆಯುವ ಹಾಗಿಲ್ಲ. ಆ ಎಂಜಿನ್ನೋ, ಕರೆಂಟು ಹೋಗಿ ಬಂದ ಮೇಲೆ ಏಳುವ ಮಾತೇ ಇಲ್ಲ.

ಕೌಂಟರಿನ ಹೆಣ್ಣುಮಗಳು ಫೋನ್ ಮಾಡಿದಳು. "ಮೇಡಂ, ಹಿರೇ ಮನಷ್ಯಾರೊಬ್ರಿಗಿ ಚಕ್ಕರ್ ಬರಾಕತ್ತದ. ಬಿಸ್ಕೀಟ್ ಕೊಟ್ರ ಟೆಸ್ಟ್ ಕೆಡತದ, ಕೊಡ್ಲಿಲ್ಲಂದ್ರ ಅವ್ರು ಬೀಳ್ತಾರ. ಏನ್ ಮಾಡ್ಲಿ?"

ನನಗೂ ತಲೆ ಸುತ್ತಿದಂತಾಯಿತು. ಹಿಂದೆಲ್ಲೋ ಓದಿದ್ದು ಆಗ ನೆನಪಾಯಿತು. ಗುಟ್ಟು ಕಾಯಲಿಕ್ಕೆ ಎಂಜಿನ್‌ಗೆ ಯಾರಿಗೂ ಊಹಿಸಲಾಗದಂಥ ಅಂಕಿಗಳು ಬೇಕು. ಹಳೆಯ ಸರ್ವರುಗಳು ಅವನ್ನು ಮೌಸಿನ ಅಲುಗಾಟ, ಕೀಬೋರ್ಡಿನ ಬಡಿತದಿಂದ ಕೂಡಿಹಾಕುತ್ತವೆ. ಯಾರೂ ಮುಟ್ಟದಿದ್ದರೆ ಅಂಕಿ ಇಲ್ಲ, ಅಂಕಿ ಇಲ್ಲದೆ ಎಂಜಿನ್ ಏಳುವುದಿಲ್ಲ.

"ಸರ್ವರಿನ ಮೌಸ್ ಹಿಡ್ಕೊಂಡು ಆಡಿಸು" ಅಂದೆ.

"ಎಲ್ಲಿ ಒತ್ತಬೇಕ್ರಿ?"

"ಒತ್ತಬ್ಯಾಡ. ಸುಮ್ನ ಆಕಡಿ ಈಕಡಿ ತಿರುವು."

ಅವಳು ನನ್ನಿಂದ ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡಳು. ಮೇಡಂಗೆ ಏನಾದರೂ ಆಯಿತೇ ಅಂತ ಯೋಚಿಸುತ್ತಿದ್ದಳೋ ಏನೋ. ಆಮೇಲೆ ಆಡಿಸಿದಳು. ಎಂಜಿನ್ ಎದ್ದಿತು. ಹಿರಿಯರ ರಕ್ತ ತೆಗೆದರು, ಬಿಸ್ಕೀಟು ಕೊಟ್ಟರು. ಅವರು ಬಿಸ್ಕೀಟು ತಿನ್ನುವ ಸದ್ದು ಫೋನಿನಲ್ಲಿ ಕೇಳಿಸಿದ ಮೇಲೇ ನಾನು ಕುರ್ಚಿಗೆ ಒರಗಿದ್ದು.

ಮುಂದೆ ಒಂದು ದಿನ ನಾನೇ ಹೋಗಿ, ಮೌಸಿನ ಹಂಗಿಲ್ಲದೆ ಏಳುವ ಹಾಗೆ ಎಂಜಿನ್ ಸರಿಮಾಡಿ, "ಇನ್ನ ಆಡಿಸೋದು ಬೇಕಾಗಿಲ್ಲ" ಅಂತ ಒತ್ತಿ ಹೇಳಿ ಬಂದೆ. ಆಮೇಲೆ ಸುರಪುರಕ್ಕೆ ಹೋದಾಗ ಲ್ಯಾಬಿಗೆ ಇಣುಕಿದರೆ, ಅವಳು ಸರ್ವರಿನ ಮುಂದೆ ಕಣ್ಣು ಮುಚ್ಚಿ ನಿಂತು ಮೌಸ್ ತಿರುವುತ್ತಿದ್ದಳು.

"ಅದು ಬ್ಯಾಡ ಅಂತ ಹೇಳಿದ್ನಲ್ಲವಾ?"

"ನೀವು ರಿಪೇರಿ ಮಾಡಿದ್ದು ಭಾಳ ಚಲೋ ಆಗ್ಯಾದ್ರಿ ಮೇಡಂ" ಅಂದಳು. "ಈಗ ಸ್ವಲ್ಪ ಆಡಿಸಿದ್ರ ಸಾಕು, ಏಳ್ತದ."

ಎರಡು ಕೋಣೆ

ಯಾದಗಿರಿಯಲ್ಲೇ ಒಂದು ಬೇಳೆ ಮಿಲ್. ಇಬ್ಬರು ಅಣ್ಣತಮ್ಮಂದಿರದು. ಎದುರುಬದುರು ಕೋಣೆಗಳಲ್ಲಿ ಕೂಡುತ್ತಾರೆ, ಮಾತಿಲ್ಲ. ಯಾವ ಕಾಗದಕ್ಕೂ ಮೊದಲು ಅಣ್ಣ ಸಹಿ ಮಾಡಲಿ ಅಂತ ತಮ್ಮ, ತಮ್ಮ ಮಾಡಲಿ ಅಂತ ಅಣ್ಣ. ನಡುವಿನ ಹಾಲಿನಲ್ಲಿ ಲೆಕ್ಕ ಬರೆಯುವ ವಯಸ್ಸಾದ ಮುನೀಮರು. ಈ ಮನೆಯ ವಿಷಯ ಆಗ ನನಗೆ ಗೊತ್ತಿರಲಿಲ್ಲ. ಎಂಜಿನ್ ಹ್ಯಾಂಗ್ ಆಗಿದೆ ಅಂತ ಕರೆಸಿದ್ದರು, ಹೋಗಿದ್ದೆ. ಹೊರಗೆ ಲಾರಿ ತುಂಬಿ ನಿಂತಿತ್ತು. ಬಿಲ್ಲಿಲ್ಲದೆ ಹೊರಡುವ ಹಾಗಿರಲಿಲ್ಲ. ಮುನೀಮರು ಒಂದೇ ಸಮನೆ ಕೈ ಉಜ್ಜುತ್ತಿದ್ದರು.

ಎಂಜಿನ್ನಿನ ಒಳಗೆ ಏನು ನಡೆದಿದೆ ಅಂತ ತೆಗೆದು ನೋಡಿದೆ. ಎರಡು ಕೆಲಸಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡಿದ್ದವು.

"ಗೊತ್ತಾತ್ರಿ" ಅಂದೆ. "ಒಳಗ ಇಬ್ರು ಅದಾರ. ಅವ ಬಿಡ್ಲಿ ಅಂತ ಇವ ಕುಂತಾನ, ಇವ ಬಿಡ್ಲಿ ಅಂತ ಅವ ಕುಂತಾನ. ಇಬ್ಬರ ಸಲುವಾಗಿ ಉಳದವರ ಕೆಲಸೆಲ್ಲಾ ಬಂದ್ ಆಗ್ಯಾದ."

ಮುನೀಮರು ಎರಡೂ ಕೋಣೆಯ ಕಡೆ ನೋಡಿದರು. "ನೀವು ಬಂದ ತಾಸಿನಾಗ ತಿಳಕೊಂಡ್ರಿ. ಊರಾಗಿನ ದೊಡ್ಡವರು ಬಂದು ಕುಂತ್ರೂ ಅವ್ರಿಗಿ ತಿಳೀಲಿಲ್ಲ. ಇದಕ್ಕ ಇಲಾಜ್ ಏನದ ಮೇಡಂ?"

ನನ್ನ ಕಣ್ಣು ಪರದೆಯ ಮೇಲೇ ಇತ್ತು. ಲಾರಿಯವನು ಹೊರಗೆ ಹಾರನ್ ಒತ್ತುತ್ತಿದ್ದ.

"ತಾವಾಗಿ ಬಿಡಂಗಿಲ್ರಿ ಇವ್ರು. ಇಬ್ಬರಾಗ ಒಬ್ಬನ್ನ ಕೊಲ್ಲಬೇಕು. ಇನ್ನೊಬ್ಬ ಸುಮ್ನ ಕೆಲಸಾ ಮಾಡ್ತಾನ."

ತಿರುಗಿ ನೋಡಿದರೆ ಮುನೀಮರು ಎದ್ದುಹೋಗಿ ಹಾಲಿನ ಬಾಗಿಲು ಮುಚ್ಚುತ್ತಿದ್ದರು. ಹತ್ತಿರ ಬಂದು ಪಿಸುಮಾತಿನಲ್ಲಿ ಹೇಳಿದರು.

"ಯಾರನ್ನ ಅಂತ ಮಾತ್ರ ನನ್ನ ಮುಂದ ಹೇಳಬ್ಯಾಡ್ರಿ ಮೇಡಂ. ನಾ ಇಬ್ಬರ ಉಪ್ಪೂ ತಿಂದೀನಿ."

ನಾಡಿ

ಒಂದು ಖಾಸಗಿ ದವಾಖಾನೆ. ಡಾಕ್ಟರು ಹಿರಿಯರು, ನನ್ನನ್ನು "ಏನವಾ" ಅಂತಲೇ ಮಾತಾಡಿಸುವವರು. ಅವರ ಎಂಜಿನ್ ನಾನಿಲ್ಲದಾಗ ಮಾತ್ರ ನಿಲ್ಲುತ್ತಿತ್ತು. ಫೋನ್ ಬರುತ್ತಿತ್ತು, ಆಟೊ ಹಿಡಿದು ಓಡುತ್ತಿದ್ದೆ. ಸರ್ವರಿನಲ್ಲಿ ಎಂಜಿನ್ ತನ್ನ ಕೆಲಸದ ವರದಿ ಬರೆಯುತ್ತಾ ಹೋಗುವ ಕರಿಯ ಕಿಟಕಿಯೊಂದು ತೆರೆದಿರುತ್ತದೆ. ಅಲ್ಲಿ ಏನಿದೆ ಅಂತ ನೋಡಲಿಕ್ಕೆ ಒಂದು ಎಂಟರ್ ಒತ್ತಿದರೆ ಸಾಕು, ಎಲ್ಲವೂ ಓಡತೊಡಗುತ್ತಿತ್ತು. ನಾನು ಏನನ್ನೂ ರಿಪೇರಿ ಮಾಡಿರುತ್ತಿರಲಿಲ್ಲ.

"ನಿಮ್ಮನ್ನ ಕಂಡ್ರ ಅಂಜತದ್ರಿ ಅದು" ಅಂದಳು ನರ್ಸು.

ಅಂಜಿದ್ದು ನಾನು. ಕಾರಣ ಗೊತ್ತಿಲ್ಲದೆ ಸರಿಯಾದದ್ದು ಕಾರಣ ಗೊತ್ತಿಲ್ಲದೆ ಕೆಡುತ್ತದೆ. ಆ ವಾರ ನನಗೆ ಅನ್ನ ಸೇರಲಿಲ್ಲ. "ಹೊಟ್ಟೀಲಿದ್ದೀಯೇನು?" ಅಂತ ಅತ್ತೆ ಮೊಮ್ಮಗುವಿನ ಆಸೆಯಿಂದ ಕೇಳಿದರು. ಸರ್ವರ್ ಹ್ಯಾಂಗ್ ಆಗ್ಯಾದ ಅಂದದ್ದಕ್ಕೆ ಬೇಜಾರು ಮಾಡಿಕೊಂಡರು.

ಕೊನೆಗೊಂದು ದಿನ ಪೇಷಂಟುಗಳ ಬೆಂಚಿನ ಮೇಲೆ, ಸೆರಗು ಹೊದ್ದು, ಅವರ ನಡುವೆ ಸುಮ್ಮನೆ ಕೂತೆ. ಎಂಜಿನ್ ಚೆನ್ನಾಗಿ ಓಡುತ್ತಿತ್ತು. ಡಾಕ್ಟರು ಹೊರಗೆ ಬಂದರು. ಕೌಂಟರಿನ ಪಕ್ಕದಲ್ಲಿದ್ದ ಸರ್ವರಿನ ಮುಂದೆ ಬಗ್ಗಿ, ಮೌಸ್ ಹಿಡಿದು, ಕರಿಯ ಕಿಟಕಿಯ ಮಧ್ಯಕ್ಕೆ ಒಮ್ಮೆ ಕ್ಲಿಕ್ ಮಾಡಿದರು. ತಲೆಯಾಡಿಸಿ ಒಳಗೆ ಹೋದರು. ಮರುಗಳಿಗೆ ಕೌಂಟರಿನಿಂದ ಕೂಗು ಬಂತು, "ನಿಂತಿತು ನೋಡ್ರಿ ಮತ್ತ."

ಆ ಕಿಟಕಿಯ ಗುಣವೇ ಹಾಗೆ. ಒಳಗೆ ಕ್ಲಿಕ್ ಮಾಡಿದರೆ, ಯಾರೋ ಅಕ್ಷರ ನಕಲು ಮಾಡಿಕೊಳ್ಳುತ್ತಿದ್ದಾರೆ ಅಂತ ತಿಳಿದು ಕಂಪ್ಯೂಟರು ಬರವಣಿಗೆಯನ್ನು ತಡೆಹಿಡಿಯುತ್ತದೆ. ಬರೆಯಲಾಗದ ಎಂಜಿನ್ ನಿಂತಲ್ಲೇ ನಿಲ್ಲುತ್ತದೆ. ಒಂದು ಎಂಟರ್ ಒತ್ತಿದರೆ ಬಿಡುಗಡೆ.

ನಾನು ಡಾಕ್ಟರ ಕೋಣೆಗೆ ಓಡಿದೆ. "ಸಾಹೇಬ್ರ, ಅದನ್ನ ಯಾಕ ಮುಟ್ಟಿದ್ರಿ?"

"ಆಗಾಗ ನಿಲ್ತದಲ್ಲವಾ, ಜೀವ ಅದನೋ ಇಲ್ಲೋ ಅಂತ ಹೋಗಿ ಬಂದು ನಾಡಿ ನೋಡ್ತೀನಿ" ಅಂದರು.

ನೀವು ನಾಡಿ ನೋಡಿದಾಗಲೇ ಅದು ಹೋಗುತ್ತಿರುವುದು ಅಂತ ಒಬ್ಬ ಡಾಕ್ಟರಿಗೆ ಹೇಗೆ ಹೇಳುವುದು? ಆದಷ್ಟು ಮೆತ್ತಗೆ ಹೇಳಿದೆ. ಅವರು ಸಪ್ಪಗಾದರು. ಮುಂದಿನ ಸಲ ಹೋದಾಗ ಸರ್ವರಿನ ಮೇಲೆ ಅವರದೇ ಕೈಬರಹದ ಚೀಟಿ ಇತ್ತು: "ಐಸಿಯು. ಯಾರೂ ಮುಟ್ಟಬಾರದು." ಅದರ ಕೆಳಗೆ ನರ್ಸು ಬೇರೆ ಪೆನ್ನಿನಲ್ಲಿ ಸೇರಿಸಿದ್ದಳು: "ಡಾಕ್ಟರು ಸಹ."

ಕೀಲಿ ಕೆಂಭಾವಿಗೆ ಹೋಗಿತ್ತು

ಇದು ಸುರಪುರದ ಒಂದು ಕಾಲೇಜಿನಲ್ಲಿ ಆದದ್ದು. ಮರುದಿನ ಪರೀಕ್ಷೆ, ಹಾಲ್ ಟಿಕೆಟ್ ಅವತ್ತೇ ಕೊಡಬೇಕು. ಹಿಂದಿನ ವಾರ ಅಲ್ಲಿಯ ಎಂಜಿನ್ ಎರಡು ಸಲ ಹ್ಯಾಂಗ್ ಆಗಿದ್ದರಿಂದ ನಮ್ಮ ಆಫೀಸಿನ ಪ್ರೋಗ್ರಾಮರ್ ತಾನೇ ಹೋಗಿ ಸರಿಮಾಡಿ ಬಂದಿದ್ದ. ಆದರೂ ನನ್ನ ಜೀವ ತಡೆಯಲಿಲ್ಲ. ಮುಂಜಾನೆಯ ಬಸ್ಸಿಗೇ ಹೋಗಿ ಕೂತೆ.

ಮೊದಲ ಹುಡುಗಿ ಬಂದಳು. ಕಾಲೇಜಿನ ಗುಮಾಸ್ತ ಗುಂಡಿ ಒತ್ತಿದ. ಚಕ್ರ ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಎರಡನೆಯವನಿಗೆ ಒತ್ತಿದರೂ ಅಷ್ಟೇ. ಅಂಗಳದ ತುಂಬ ಹುಡುಗರು, ಕೆಲವರ ಜೊತೆ ಹೊಲದ ಕೆಲಸ ಬಿಟ್ಟು ಬಂದ ಅಪ್ಪ ಅವ್ವ.

"ಸರ್ವರ್ ರೂಮ್ ತೆಗಸ್ರಿ ಸರ್" ಅಂತ ಪ್ರಿನ್ಸಿಪಾಲರಿಗೆ ಹೇಳಿದೆ.

ರೂಮಿಗೆ ಬೀಗ ಹಾಕಿತ್ತು. ಕೀಲಿ ಜವಾನನ ಜೇಬಿನಲ್ಲಿತ್ತು. ಜವಾನ ತಂಗಿಯ ಮಗುವಿಗೆ ಹೆಸರಿಡುವ ಕಾರ್ಯಕ್ಕೆ ಕೆಂಭಾವಿಗೆ ಹೋಗಿದ್ದ. ಫೋನ್ ಮಾಡಿದರೆ, "ಹೆಸರಿಟ್ಟು ಬರ್ತೀನ್ರಿ" ಅಂದ. ಪ್ರಿನ್ಸಿಪಾಲರು, "ಹೆಸರು ಆಮ್ಯಾಲೂ ಇಡಬಹುದು, ನೀ ಮೊದ್ಲು ಬಸ್ ಹತ್ತು" ಅಂದರು.

ಕಾದೆವು. ನಾನು ಗುಂಡಿ ಒತ್ತುವುದು, ಚಕ್ರ ನೋಡುವುದು, ಪ್ರಿನ್ಸಿಪಾಲರ ಮುಖ ನೋಡುವುದು. ಒಬ್ಬ ಹುಡುಗಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು. "ಅಕ್ಕಾ, ನಮ್ಮೂರ ಕಡೀ ಬಸ್ ನಾಕಕ್ಕ ಅದ. ನನಗ ಪರೀಕ್ಷಾ ಕೂಡಾಕ ಬಿಡ್ತಾರಲ್ಲ?" ಬಿಡ್ತಾರವಾ ಅಂದೆ.

ಪ್ರಿನ್ಸಿಪಾಲರು ಬೀಗ ಒಡೆಸಲಿಕ್ಕೆ ಕಲ್ಲು ತರಿಸುವಷ್ಟರಲ್ಲಿ ಜವಾನ ಬಂದ. ಕೈಯಲ್ಲಿ ಕಾರ್ಯದ ಹೋಳಿಗೆಯ ಡಬ್ಬಿ. ಬಾಗಿಲು ತೆಗೆದ. ನಾವೆಲ್ಲ ಒಳಗೆ ನುಗ್ಗಿದೆವು.

ಸರ್ವರಿನ ಪರದೆಯ ಮೇಲೆ ಒಂದರ ಮೇಲೊಂದು ಸಣ್ಣ ಸಣ್ಣ ಸಂದೇಶದ ಡಬ್ಬಿಗಳು ಬಂದು ಕೂತಿದ್ದವು. ಎಲ್ಲದರಲ್ಲೂ ಒಂದೇ ಬರಹ. ನಮ್ಮ ಪ್ರೋಗ್ರಾಮರ್ ಪರೀಕ್ಷೆ ಮಾಡಿ ನೋಡಲಿಕ್ಕೆ ಹಾಕಿ, ತೆಗೆಯಲು ಮರೆತದ್ದು. ಪ್ರಿನ್ಸಿಪಾಲರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು.

"ಅಭಿನಂದನೆಗಳು. ಹ್ಯಾಂಗ್ ಆಗುವ ಸಮಸ್ಯೆ ಬಗೆಹರಿದಿದೆ. ಮುಂದುವರಿಯಲು ಓಕೆ ಒತ್ತಿ."

ನಾನು ನೆಲ ನೋಡಿದೆ. ಅವರು ನನ್ನನ್ನು ನೋಡಿದರು. ಆಮೇಲೆ ಓಕೆ ಒತ್ತಿದರು. ಆ ಕಡೆ ಪ್ರಿಂಟರ್ ಗುರ್ ಅಂತು, ಮೊದಲ ಹುಡುಗಿಯ ಹಾಲ್ ಟಿಕೆಟ್ ಬಂತು. ಕೆಳಗಿದ್ದ ಡಬ್ಬಿ ಮೇಲೆ ಬಂತು. ಒಬ್ಬೊಬ್ಬರಿಗೂ ಒಂದೊಂದು ಡಬ್ಬಿ, ಇಲ್ಲಿ ಓಕೆ ಒತ್ತುವವರೆಗೆ ಎಂಜಿನ್ ಕಾಯುತ್ತದೆ, ಒತ್ತಿದರೇ ಟಿಕೆಟ್. ಪ್ರೋಗ್ರಾಂ ಸರಿಮಾಡಿಸುತ್ತಾ ಕೂತರೆ ಬಸ್ಸುಗಳು ಹೋಗಿಬಿಡುತ್ತವೆ. ಪ್ರಿನ್ಸಿಪಾಲರು ಬೇರೆ ಯಾರನ್ನೂ ನಂಬದೆ ತಾವೇ ಕುರ್ಚಿ ಎಳೆದುಕೊಂಡು ಕೂತು ಒತ್ತುತ್ತಾ ಹೋದರು. ಜವಾನ ಪಕ್ಕದಲ್ಲಿ ನಿಂತು ಅವರ ಬಾಯಿಗೆ ಹೋಳಿಗೆ ಕೊಡುತ್ತಿದ್ದ. ಕಿಟಕಿಯ ಹುಡುಗಿ ಟಿಕೆಟ್ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಓಡಿದ್ದನ್ನು ನಾನು ಕಣ್ಣಾರೆ ನೋಡಿದೆ.

ಕೊನೆಯವನ ಟಿಕೆಟ್ ಬರುವ ಹೊತ್ತಿಗೆ ನನ್ನ ಫೋನ್ ಬಡಿದುಕೊಂಡಿತು. ನಮ್ಮ ಪ್ರೋಗ್ರಾಮರ್. "ಮೇಡಂ, ಹ್ಯಾಂಗ್ ಆಗೋದು ಬಗೆಹರಿದದ ಅಲ್ರಿ?" ಅಂತ ಖುಷಿಯಲ್ಲಿ ಕೇಳಿದ.

ಫೋನನ್ನು ಪ್ರಿನ್ಸಿಪಾಲರ ಕೈಗೆ ಕೊಟ್ಟೆ. ಅವರು ಬೆರಳು ನೀವಿಕೊಳ್ಳುತ್ತಾ ಸಮಾಧಾನದಿಂದ ಹೇಳಿದರು.

"ಹೌದಪ್ಪಾ, ಬಗೆಹರಿದದ. ಬಾಗಲಾ ತೆಗದಾಗಿಂದ ನನ್ನ ಕಾಲೇಜಿನ ಒಬ್ಬೊಬ್ಬ ಹುಡುಗನ ಸಲುವಾಗಿ ಅದನ್ನ ಒಂದೊಂದು ಸಲ ಓದೀನಿ."