ಹಳೆ ಕಾರಿನ ಆಯಸ್ಸು ಗಟ್ಟಿ

ಆವತ್ತು ಬೆಳಿಗ್ಗೆಯೂ ಕಾರು ಸ್ಟಾರ್ಟ್ ಆಗಿಬಿಟ್ಟಿತು.

ದಂತವೈದ್ಯರ ಎದೆ ಧಸಕ್ಕೆಂದಿತು. ಹಿಂದಿನ ಸಂಜೆ ಹೆಡ್‌ಲೈಟನ್ನು ಬೇಕೆಂದೇ ಆರಿಸದೆ ಮನೆಯೊಳಗೆ ಬಂದಿದ್ದರು. ಬೆಳಿಗ್ಗೆ ನೋಡಿದರೆ ದೀಪ ಆರಿತ್ತು. ಬ್ಯಾಟರಿ ಪ್ರಾಣ ಬಿಟ್ಟಿದೆ ಎಂದು ಒಳಗೊಳಗೇ ಕುಣಿದು, ಮುಖದ ಮೇಲೆ ಮಾತ್ರ ಒಂದಿಷ್ಟು ದುಃಖ ಹಚ್ಚಿಕೊಂಡು ಕೀಲಿ ತಿರುಗಿಸಿದ್ದರು. ಆ ಮುದಿ ಎಂಜಿನ್ನು ಒಂದು ಕೆಮ್ಮೂ ಇಲ್ಲದೆ, ಹಾಲು ಕುಡಿದು ಮಲಗಿದ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು.

ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯ ಮುಖ ಕಾಣಿಸಿತು. “ಏನ್ರೀ, ಸ್ಟಾರ್ಟ್ ಆಯ್ತಾ?”

“ಆಯ್ತು” ಎಂದರು ಡಾಕ್ಟರು, ಹತ್ತಿರದವರು ತೀರಿಕೊಂಡ ಸುದ್ದಿ ಹೇಳುವ ಧ್ವನಿಯಲ್ಲಿ.

“ಎಂಥ ನಿಯತ್ತು ನೋಡಿ. ಮನುಷ್ಯರಿಗೂ ಇರಲ್ಲ ಅಷ್ಟು.”

ಕೊನೆಯ ಮಾತು ಯಾರನ್ನು ಕುರಿತದ್ದು ಎಂದು ಡಾಕ್ಟರು ಕೇಳಲಿಲ್ಲ. ಕೆಲವು ಪ್ರಶ್ನೆಗಳನ್ನು ಕೇಳದೆ ಇರುವುದರಿಂದಲೇ ಅವರ ಸಂಸಾರ ಇಷ್ಟು ದೂರ ನಡೆದುಬಂದಿತ್ತು.

ಇಷ್ಟಕ್ಕೂ ಕಾರು ಕೆಟ್ಟುಹೋಗಲಿ ಎಂದು ಯಾರಾದರೂ ಹರಸುತ್ತಾರೆಯೇ? ಡಾಕ್ಟರು ಹರಸುತ್ತಿದ್ದರು. ಯಾಕೆಂದರೆ ಆ ಮನೆಯಲ್ಲಿ ಒಂದು ಒಪ್ಪಂದ ಆಗಿತ್ತು: ಹಳೆ ಕಾರು ನಿಂತ ದಿನವೇ ಹೊಸ ಕಾರು. ಅದೂ ಅಂಥಿಂಥ ಕಾರಲ್ಲ. ಎಲೆಕ್ಟ್ರಿಕ್ ಕಾರು. ನಿಂತ ನೀರಿನ ಮೇಲೆ ಸಂಜೆ ಇಳಿದಂಥ ಕಡುನೀಲಿ ಬಣ್ಣ. ಹತ್ತಿರ ಹೋದರೆ ಸಾಕು, ಬಾಗಿಲಿನ ಹಿಡಿ ತಾನಾಗಿ ಹೊರಗೆ ಬಂದು ಕೈಕುಲುಕುತ್ತಿತ್ತು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ ಮೂರೂವರೆ ಸೆಕೆಂಡು ಸಾಕಂತೆ. (ಡಾಕ್ಟರ ಮನೆಗೂ ಕ್ಲಿನಿಕ್ಕಿಗೂ ನಡುವೆ ಇದ್ದದ್ದು ನಾಲ್ಕು ಸಿಗ್ನಲ್ಲು, ಒಂದು ಶಾಲೆ, ರಸ್ತೆಯ ನಡುವೆಯೇ ಮಲಗುವ ಒಂದು ನಾಯಿ. ಆ ಮಾತು ಬೇರೆ.)

ಮೊದಲು ಮೀನಮೇಷ ಎಣಿಸಿದವರು ಸ್ವತಃ ಡಾಕ್ಟರೇ. ಮುಂದಿನ ವರ್ಷ ಇನ್ನೂ ಒಳ್ಳೆಯ ಬ್ಯಾಟರಿ ಬರುತ್ತದೆ ಎಂದು ಒಂದು ವರ್ಷ ಕಾದರು. ಬ್ಯಾಟರಿ ಬಂದಾಗ ಬೆಲೆ ಇಳಿಯಲಿ ಎಂದರು. ಬೆಲೆ ಇಳಿದಾಗ, ಇಳಿದದ್ದೇಕೆ ಎಂದು ಅನುಮಾನಪಟ್ಟರು.

“ನೀವು ಕಾರು ತಗೊಳ್ತಿಲ್ಲ ರೀ, ಕಾರಿಗೆ ಜಾತಕ ಹಾಕ್ತಿದೀರಿ” ಎಂದಿದ್ದಳು ಹೆಂಡತಿ. ಅವಳು ಆಡಿಟರು. ಊರಿನ ಅಂಗಡಿಯವರೆಲ್ಲ ಅವಳ ಕನ್ನಡಕದ ಎದುರು ಬೆವರುತ್ತಿದ್ದರು. ಮನೆಯಲ್ಲಿ ಆ ಸೇವೆಗೆ ಡಾಕ್ಟರು ಒಬ್ಬರೇ ಇದ್ದರು.

ಒಂದು ದಿನ ಶೋರೂಮಿನವರು ಓಡಿಸಿ ನೋಡಿ ಎಂದು ಕಾರು ಕೊಟ್ಟರು. ಡಾಕ್ಟರು ತಮ್ಮ ತಾಯಿಯನ್ನೂ ಹಿಂದೆ ಕೂರಿಸಿಕೊಂಡು ಖಾಲಿ ರಸ್ತೆಯಲ್ಲಿ ಕಾಲು ಒತ್ತಿದರು. ಅಷ್ಟೇ. ಮುಂದೆ ಏನಾಯಿತೆಂದು ಅವರಿಗೆ ಸರಿಯಾಗಿ ನೆನಪಿಲ್ಲ. ಹೊಟ್ಟೆ ಹಿಂದೆ ಉಳಿದು ಮೈ ಮುಂದೆ ಹೋಯಿತು. ಕಾರು ನಿಂತಾಗ ಗಾಬರಿಯಿಂದ ತಿರುಗಿ ನೋಡಿದರೆ, ತಾಯಿ ಸೀಟಿಗೆ ಅಂಟಿಕೊಂಡು, ಕೂದಲು ಕೆದರಿ, ಕಣ್ಣು ಅಗಲ ಮಾಡಿ ಕೂತಿದ್ದರು.

“ಅಮ್ಮ! ಏನಾದ್ರೂ ಆಯ್ತಾ?”

“ಇನ್ನೊಂದ್ಸಲ ಒತ್ತೋ” ಎಂದರು ತಾಯಿ.

ಆ ಸಂಜೆಯೇ ಡಾಕ್ಟರು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದರು: ಇನ್ನು ಕಾಯುವ ಪ್ರಶ್ನೆಯೇ ಇಲ್ಲ, ನಾಳೆಯೇ ಬುಕಿಂಗ್.

ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. “ಹಳೇದಕ್ಕೆ ಏನಾಗಿದೆ?”

“ಏನಾಗಿಲ್ಲ ಹೇಳು! ಏರು ಬಂದ್ರೆ ಕೆಮ್ಮುತ್ತೆ. ವೈಪರು ಒಂದು ಕಡೆ ಮಾತ್ರ ಒರೆಸುತ್ತೆ. ಹಾರನ್ನು ಮೂಕಾಗಿ ಎರಡು ವರ್ಷ ಆಯ್ತು.”

“ಕ್ಲಿನಿಕ್ಕಿಗೆ ಬಂದೋರಿಗೆಲ್ಲ ಏನು ಹೇಳ್ತೀರಿ ನೀವು?”

“ಸರಿಯಾಗಿ ಬ್ರಶ್ ಮಾಡಿ ಅಂತೀನಿ.”

“ಅದಲ್ಲ. ಹಲ್ಲು ಕೀಳಿಸ್ಕೊಳ್ಳೋಕೆ ಬಂದೋರಿಗೆ.”

ಡಾಕ್ಟರಿಗೆ ಹಳ್ಳ ಕಂಡಿತು. ಆದರೆ ಆಗಲೇ ಒಂದು ಕಾಲು ಅದರೊಳಗಿತ್ತು. “ತಾನಾಗಿ ಬೀಳೋವರೆಗೂ ಸ್ವಂತ ಹಲ್ಲು ಕೀಳಿಸ್ಬಾರದು ಅಂತೀನಿ” ಎಂದರು ಮೆಲ್ಲಗೆ.

“ಕಾರೂ ಹಾಗೇ. ತಾನಾಗಿ ನಿಲ್ಲಲಿ. ನಿಂತ ದಿನ ಹೋಗಿ ತಗೊಂಬರೋಣ. ನಂದೇನೂ ಅಡ್ಡಿ ಇಲ್ಲ.”

ಡಾಕ್ಟರು ಸೋತವರಂತೆ ತಲೆ ತಗ್ಗಿಸಿದರು. ಒಳಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ. ಆ ಗಾಡಿಯ ಸ್ಥಿತಿ ಅವರಿಗೆ ಗೊತ್ತಿತ್ತು. ಹೆಚ್ಚೆಂದರೆ ಒಂದು ತಿಂಗಳು ಎಂದು ಮನಸ್ಸಿನಲ್ಲೇ ವಾಯಿದೆ ಹಾಕಿದರು.

ಮಾರನೆಯ ದಿನದಿಂದ ಕಾರು ಚೇತರಿಸಿಕೊಳ್ಳತೊಡಗಿತು.

ಮೊದಲು ಕೆಮ್ಮು ನಿಂತಿತು. ಡಾಕ್ಟರು ಸರ್ವೀಸಿಗೆ ಬಿಡುವುದನ್ನು ನಿಲ್ಲಿಸಿದರು. ಕಾರು ಇನ್ನಷ್ಟು ಹಗುರಾಗಿ ಏರು ಹತ್ತಿತು. ಬೇಕೆಂದೇ ತಪ್ಪು ಗೇರಿನಲ್ಲಿ ಓಡಿಸಿದರು, ಮರದ ನೆರಳಿದ್ದರೂ ಬಿಸಿಲಲ್ಲೇ ನಿಲ್ಲಿಸಿದರು. ಅದರ ಮೈಬಣ್ಣಕ್ಕೇ ಕಳೆ ಬಂತು. ಒಂದು ಮಧ್ಯಾಹ್ನ ಬುತ್ತಿಯ ಡಬ್ಬಿ ಹಿಡಿದು ಇಳಿಯುವಾಗ ಮೊಣಕೈ ತಾಗಿದ್ದೇ ತಡ, ಎರಡು ವರ್ಷದಿಂದ ಮೂಕವಾಗಿದ್ದ ಹಾರನ್ನು ಬೀದಿಗೆಲ್ಲ ಕೇಳುವಂತೆ ಕೂಗಿತು. ಡಾಕ್ಟರು ಡಬ್ಬಿ ಕೈಬಿಟ್ಟರು. ಸತ್ತವರು ಎದ್ದು ಹೆಸರು ಹಿಡಿದು ಕರೆದಿದ್ದರೂ ಅವರು ಅಷ್ಟು ಬೆಚ್ಚುತ್ತಿರಲಿಲ್ಲ.

ಅವರು ತಮ್ಮ ಸಂಕಟವನ್ನು ರೋಗಿಗಳ ಬಳಿ ತೋಡಿಕೊಂಡರು. ಬಾಯಿ ತೆರೆದು ಮಲಗಿದವರು ಎದುರುಮಾತು ಆಡುವಂತಿಲ್ಲವಲ್ಲ! “ಎಣ್ಣೆ ಹಾಕಿಸಿಲ್ಲ, ನೀರು ನೋಡಿಲ್ಲ, ಆದ್ರೂ ಓಡುತ್ತೆ ಅಂದ್ರೆ ಏನರ್ಥ ಹೇಳಿ?” ಎಂದು ಕೇಳುವರು. ರೋಗಿ “ಆಆ” ಎನ್ನುವನು. “ನನಗೂ ಅದೇ ಅನ್ಸುತ್ತೆ” ಎಂದು ಡಾಕ್ಟರು ನಿಟ್ಟುಸಿರುಬಿಡುವರು.

ತಾಯಿಯನ್ನೂ ಕೇಳಿ ನೋಡಿದರು. “ಕೆಲವರದು ಜೀವ ಗಟ್ಟಿ ಕಣೋ” ಎಂದರು ತಾಯಿ. “ನನ್ನೇ ನೋಡು.”

ಹೆಡ್‌ಲೈಟಿನ ಪ್ರಯೋಗವೂ ಮಣ್ಣುಪಾಲಾದ ಮೇಲೆ ಡಾಕ್ಟರು ಗಟ್ಟಿ ಮನಸ್ಸು ಮಾಡಿದರು. ಕ್ಲಿನಿಕ್ಕಿಗೆ ರಜೆಯಿದ್ದ ಭಾನುವಾರ ಬೆಳಿಗ್ಗೆ, ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ, ಚೀಲದಿಂದ ದವಡೆಹಲ್ಲು ಕೀಳುವ ಇಕ್ಕುಳ ತೆಗೆದುಕೊಂಡು ಅಂಗಳಕ್ಕೆ ಇಳಿದರು. ಬಾನೆಟ್ ಎತ್ತಿದರು. ಕತ್ತಲು ಕತ್ತಲಾದ ಆ ದೊಡ್ಡ ಬಾಯೊಳಗೆ ಬಗ್ಗಿ, ರೇಡಿಯೇಟರಿಗೆ ನೀರು ಹೋಗುವ ರಬ್ಬರ್ ಕೊಳವೆಯನ್ನೂ ಅದನ್ನು ಬಿಗಿಹಿಡಿದ ಕ್ಲಿಪ್ಪನ್ನೂ ಹುಡುಕಿದರು.

“ಸ್ವಲ್ಪವೂ ನೋವಾಗಲ್ಲ” ಎಂದರು, ಅಭ್ಯಾಸಬಲದಿಂದ.

ಎಡಕ್ಕೊಂದು ತಿರುವು, ಬಲಕ್ಕೊಂದು ತಿರುವು. ಕ್ಲಿಪ್ಪು ಕೈಗೆ ಬಂತು. ಅವರ ವೃತ್ತಿಜೀವನದಲ್ಲೇ ಇಷ್ಟು ಸಲೀಸಾಗಿ ಯಾವುದೂ ಕಿತ್ತು ಬಂದಿರಲಿಲ್ಲ.

ಸ್ನಾನ ಮುಗಿಸಿ ಬಂದ ಹೆಂಡತಿಯ ಮುಖದಲ್ಲಿ ಆವತ್ತು ಯಾಕೋ ವಿಶೇಷ ನಗುವಿತ್ತು. “ರೀ, ಹತ್ತು ಗಂಟೆಗೆ ಎಲ್ಲೂ ಹೋಗ್ಬೇಡಿ, ಮನೇಲೇ ಇರಿ” ಎಂದಳು.

ಅಟ್ಟ ಗುಡಿಸುವ ಕೆಲಸವಿರಬೇಕು ಎಂದುಕೊಂಡ ಡಾಕ್ಟರು, “ಪೇಪರ್ ತಂದುಬಿಡ್ತೀನಿ” ಎಂದು ಕಾರು ಹತ್ತಿ ಹೊರಟೇಬಿಟ್ಟರು.

ಪಾರ್ಕಿನ ಸುತ್ತ ಒಂದು ಸುತ್ತು ಹಾಕಿದರು. ಇನ್ನೊಂದು ಹಾಕಿದರು. ಬೆಳಗಿನ ವಾಕಿಂಗಿನವರು ತಿರುತಿರುಗಿ ನೋಡತೊಡಗಿದರು. ಕೊನೆಗೂ ಬಿಸಿಯ ಮುಳ್ಳು ನಡುಗುತ್ತಾ ಮೇಲೇರಿ ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಬಿಳಿ ಆವಿ, ಒಳಗಿನಿಂದ ಒಂದು ದೀರ್ಘ ನರಳಾಟ, ಆಮೇಲೆ ಮೌನ. ಕಾರು ನಿಂತಿತ್ತು. ಎಲೆಗಳು ಅದರ ಮೇಲೆ ಒಂದೊಂದಾಗಿ ಉದುರುತ್ತಿದ್ದವು. ಡಾಕ್ಟರು ಒಂದು ಕ್ಷಣ ನಿಜವಾಗಿಯೂ ಕರವಸ್ತ್ರ ಹೊರತೆಗೆದರು. ಮರುಕ್ಷಣ ಕಡುನೀಲಿ ಬಣ್ಣ ಕಣ್ಣಮುಂದೆ ಬಂದು ಕರವಸ್ತ್ರ ಮತ್ತೆ ಜೇಬು ಸೇರಿತು.

ಅಂಗಡಿಯೊಂದರ ಗಾಜಿನಲ್ಲಿ ನೋಡಿಕೊಂಡು, ಹುಬ್ಬು ಇಳಿಸಿ, ತುಟಿ ಬಿಗಿದು, ಶೋಕದ ಮುಖವನ್ನು ಹದಕ್ಕೆ ತಂದುಕೊಂಡು ಅವರು ಮನೆಯ ಕಡೆ ನಡೆದರು. ತಿರುವಿನಲ್ಲಿ ತಲೆ ಎತ್ತಿದವರು ಅಲ್ಲೇ ನಿಂತುಬಿಟ್ಟರು.

ಮನೆಯ ಮುಂದೆ ಕಡುನೀಲಿ ಕಾರು ನಿಂತಿತ್ತು. ಮುಂದಿನ ಸೀಟಿನಲ್ಲಿ ತಾಯಿ ಆಗಲೇ ಬೆಲ್ಟು ಹಾಕಿಕೊಂಡು ಕೂತಿದ್ದರು. ಕಾರಿನ ಪಕ್ಕದಲ್ಲಿ ಶೋರೂಮಿನ ಹುಡುಗಿ, ಗೇಟಿನಲ್ಲಿ ಹೆಂಡತಿ.

“ಎಲ್ಲಿ ಹೋಗಿದ್ರಿ? ನಮ್ಮ ಗಾಡಿ ಎಲ್ರೀ?”

ಡಾಕ್ಟರಿಗೆ ಏನೊಂದೂ ಅರ್ಥವಾಗಲಿಲ್ಲ. ಆದರೆ ಕಲಿತುಬಂದ ಪಾಠ ನಾಲಿಗೆಯ ತುದಿಯಲ್ಲೇ ಇತ್ತು. “ಹೋಯ್ತು ಕಣೇ” ಎಂದು ಒಣಗಿದ ಕಣ್ಣು ಒರೆಸಿಕೊಂಡರು. “ಪಾರ್ಕಿನ ಹತ್ರ ನಿಂತುಹೋಯ್ತು. ತಾನಾಗಿ.”

ಹೆಂಡತಿ ಮೆಟ್ಟಿಲ ಮೇಲೆ ಕುಸಿದು ಕೂತಳು.

“ಇವತ್ತೇ ನಿಲ್ಬೇಕಿತ್ತಾ ಅದು! ಇದರ ಬೆಲೆ ಇಳಿಸಿದಾರೆ ರೀ. ಅದರ ಜೊತೆಗೆ ಹಳೇ ಗಾಡಿನೂ ಒಳ್ಳೆ ಬೆಲೆಗೆ ತಗೋತಾರೆ. ಆದ್ರೆ ಗಾಡಿ ಓಡ್ತಿರಬೇಕು. ಇವತ್ತೇ ಕಡೇ ದಿನ. ಇದೇ ಹೊತ್ತಿಗೆ ಕಾಯ್ತಾ ಆರು ತಿಂಗಳು ಆ ಗಾಡಿನ ಮಗು ಥರ ಸಾಕಿದೀನಿ! ನೀವು ಊರೋರ ಬಾಯಲ್ಲಿ ಮುಳುಗಿರುವಾಗೆಲ್ಲ ಮೆಕ್ಯಾನಿಕ್ಕನ್ನ ಕ್ಲಿನಿಕ್ಕಿನ ಹಿಂದಕ್ಕೆ ಕಳಿಸಿದೀನಿ. ಎಣ್ಣೆ ಹಾಕ್ಸಿ, ಹಾರನ್ ಹಾಕ್ಸಿ... ಮೊನ್ನೆ ನೀವು ಮರೆತು ಬಿಟ್ಟ ಲೈಟನ್ನ ಆರಿಸಿದ್ದೂ ನಾನೇ. ನಿಮಗೊಂದು ಆಶ್ಚರ್ಯ ಆಗ್ಲಿ ಅಂತ ಹೇಳಿರ್ಲಿಲ್ಲ!”

ಆಶ್ಚರ್ಯವೇನೋ ಆಗಿತ್ತು. ಡಾಕ್ಟರ ಬಾಯಿ ತೆರೆದದ್ದು ತೆರೆದೇ ಇತ್ತು. ಒಳಗಿದ್ದ ಎರಡು ಸಿಮೆಂಟಿನ ಹಲ್ಲುಗಳನ್ನೂ ಶೋರೂಮಿನ ಹುಡುಗಿ ಸ್ಪಷ್ಟವಾಗಿ ನೋಡಿದಳು.

ಆಗ ಕಾರಿನ ಕಿಟಕಿ ಸದ್ದಿಲ್ಲದೆ ಇಳಿಯಿತು. ತಾಯಿ ತಲೆ ಹೊರಹಾಕಿದರು. “ಅಲ್ವೋ, ಬೆಳಿಗ್ಗೆ ಇಕ್ಕುಳ ತಗೊಂಡು ಅದರ ಹೊಟ್ಟೆಯಿಂದ ಏನೋ ಕಿತ್ತೆಯಲ್ಲ? ಅಷ್ಟು ಮಾಡಿದ್ರೂ ಸರಿಹೋಗ್ಲಿಲ್ವಾ?”

ಹೆಂಡತಿ ನಿಧಾನವಾಗಿ ಎದ್ದು ಬಂದು ಕೈಚಾಚಿದಳು. ಡಾಕ್ಟರು ಜೇಬಿನಿಂದ ಕ್ಲಿಪ್ಪು ತೆಗೆದು ಆ ಕೈಯಲ್ಲಿಟ್ಟರು.

ಅವಳು ಬೈಯಲಿಲ್ಲ. (ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ಡಾಕ್ಟರು ಈಗಲೂ ಹೇಳುತ್ತಾರೆ.) ಕನ್ನಡಕ ಸರಿಮಾಡಿಕೊಂಡು ಹುಡುಗಿಯ ಕಡೆ ತಿರುಗಿದಳು. “ಗಾಡಿ ಗ್ಯಾರೇಜಿಗೆ ಎಳ್ಕೊಂಡು ಹೋಗ್ಬೇಕು. ಹಗ್ಗ ಕೊಡ್ತೀನಿ, ಕಟ್ಟಮ್ಮ.”

“ಇದಕ್ಕಾ ಮೇಡಂ?” ಹುಡುಗಿ ಹೌಹಾರಿದಳು. “ಇದು ಐನೂರು ಕುದುರೆ ಶಕ್ತಿಯ ಗಾಡಿ!”

“ಹಾಗಿದ್ರೆ ಇನ್ನೂ ಸಲೀಸು” ಎಂದರು ತಾಯಿ ಕಿಟಕಿಯಿಂದ. “ಒಂದು ಮುದಿ ಗಾಡಿ ಎಳೆಯಕ್ಕಾಗದೇ ಇದ್ರೆ ಅಷ್ಟು ಕುದುರೆ ಯಾಕೆ ಕಟ್ಕೊಂಡ್ರಿ?”

ಹುಡುಗಿಗೆ ಮಾರಾಟ ಕೈತಪ್ಪಬಾರದಿತ್ತು. ಪಾರ್ಕಿನ ಹತ್ತಿರ ಹೋದ ಮೇಲೆ ಅವಳು ಕಣ್ಣು ಮುಚ್ಚಿಕೊಂಡು ಗಂಟು ಹಾಕಿದಳು.

ಹಾಗೆ ಆ ಭಾನುವಾರ ಊರಿನ ಮುಖ್ಯರಸ್ತೆಯಲ್ಲಿ ಒಂದು ಮೆರವಣಿಗೆ ನಡೆಯಿತು. ಮುಂದೆ ಆಮೆಯ ನಡಿಗೆಯಲ್ಲಿ ಕಡುನೀಲಿ ಕಾರು, ಅದರಲ್ಲಿ ಸ್ಟೇರಿಂಗ್ ಹಿಡಿದ ಹೆಂಡತಿ, ಪಕ್ಕದಲ್ಲಿ ತಾಯಿ, ಹಿಂದೆ ಮುಖ ಮುಚ್ಚಿಕೊಂಡ ಶೋರೂಮಿನ ಹುಡುಗಿ. ಹಗ್ಗದ ಈ ತುದಿಯಲ್ಲಿ ಹಳೆ ಕಾರು, ಅದರೊಳಗೆ ಒಬ್ಬರೇ ಕೂತು ಸ್ಟೇರಿಂಗ್ ತಿರುಗಿಸುತ್ತಿದ್ದ ಡಾಕ್ಟರು. ಸಿಗ್ನಲ್ಲಿನಲ್ಲಿ ಅವರ ರೋಗಿಯೊಬ್ಬ ಗುರುತು ಹಿಡಿದು, ಕಳೆದ ವಾರ ಅವರೇ ಕಟ್ಟಿಕೊಟ್ಟ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು ಬಾನೆಟ್ ಎತ್ತಿ ನೋಡಿ ತಲೆ ಕೆರೆದುಕೊಂಡ. ಎಂಜಿನ್ ಪೂರ್ತಿ ಬಿಚ್ಚಬೇಕು ಎಂದ.

“ಬಿಚ್ಚಪ್ಪ. ಒಳಗಿನದೆಲ್ಲ ಹೊಸದು ಹಾಕು” ಎಂದಳು ಹೆಂಡತಿ. ಆಮೇಲೆ ಹುಡುಗಿಗೆ ಹೇಳಿದಳು, “ಇದನ್ನ ಇವತ್ತೇ ಬುಕ್ ಮಾಡಮ್ಮ.”

ಡಾಕ್ಟರ ಕಿವಿ ನೆಟ್ಟಗಾಯಿತು. ಕ್ಷಮೆ ಸಿಕ್ಕಿತೆಂದು ಒಂದು ಹೆಜ್ಜೆ ಮುಂದೆ ಬಂದರು. “ಹಾಗಾದ್ರೆ ತಗೋತೀವಾ?”

“ಮಾತು ಅಂದ್ಮೇಲೆ ಮಾತು. ಹಳೇದು ನಿಂತ ದಿನ ಹೊಸದು. ತಗೋತೀನಿ” ಎಂದಳು ಅವಳು. “ನನ್ನ ಹೆಸರಿಗೆ. ನಾನು, ಅತ್ತೆ ಓಡಾಡ್ತೀವಿ. ಹಳೇದನ್ನ ಇನ್ನು ಯಾರೂ ಕೊಳ್ಳಲ್ಲ, ಅದು ನಿಮಗಿರ್ಲಿ.”

ಮೆಕ್ಯಾನಿಕ್ಕಿಗೆ ಡಾಕ್ಟರ ಮುಖ ನೋಡಿ ಕನಿಕರವಾಯಿತು. ಬಟ್ಟೆಯಿಂದ ಕೈ ಒರೆಸಿಕೊಂಡು, ಹತ್ತಿರ ಬಂದು ಭುಜ ತಟ್ಟಿದ.

“ಯೋಚ್ನೆ ಮಾಡ್ಬೇಡಿ ಡಾಕ್ಟ್ರೇ. ನಾನು ರೆಡಿ ಮಾಡಿ ಕೊಟ್ಟ ಮೇಲೆ ಇನ್ನು ಇಪ್ಪತ್ತು ವರ್ಷ ಇದು ಜಪ್ಪಯ್ಯ ಅಂದ್ರೂ ನಿಲ್ಲಲ್ಲ.”