ಕಪ್ತಾನನ ಕೈರುಚಿ

ಅಸಲಿ ಇಟಾಲಿಯನ್ ಹೋಟೆಲು ಎಲ್ಲಿದೆ ಎಂದು ನಿಮಗೆ ಗೊತ್ತಿದ್ದರೆ ದಯವಿಟ್ಟು ಈಗ ಹೇಳಬೇಡಿ. ಅದು ನನಗೆ ಸಿಕ್ಕಾಗಿದೆ. ಸಿಕ್ಕಿದ್ದೇ ತೊಂದರೆಯಾಗಿದೆ.

ನಮ್ಮ ಕಪ್ತಾನ ತೀರಿಕೊಂಡು ನಾಲ್ಕು ತಿಂಗಳಾಯಿತು. (ಹಡಗಿನಲ್ಲಿ ಅವನು ಕಪ್ತಾನನೇನೂ ಆಗಿರಲಿಲ್ಲ, ಉಗ್ರಾಣ ನೋಡಿಕೊಳ್ಳುತ್ತಿದ್ದ. ಆದರೆ ಜೀವದ ಗೆಳೆಯನನ್ನು ಉಗ್ರಾಣಿ ಎಂದು ಕರೆಯಲು ಯಾರಿಗೆ ಮನಸ್ಸು ಬರುತ್ತದೆ?) ಒಮ್ಮೆ ಇಟಲಿಯ ಯಾವುದೋ ಬಂದರಿನಲ್ಲಿ ಹಡಗು ಕೆಟ್ಟು ನಿಂತಾಗ ಅಲ್ಲಿಯ ಅಡುಗೆ ಕಲಿತನಂತೆ. ಹಡಗು ಬಿಟ್ಟು ಬಂದ ಮೇಲೆ ಪ್ರತಿ ಭಾನುವಾರ ಅವನ ಮನೆಯಲ್ಲಿ ಅವನದೇ ಕೈಯ ಪಾಸ್ತಾ. ಉಣ್ಣಲು ನಾನು, ನನ್ನ ಹೆಂಡತಿ, ಅತ್ತಿಗೆ, ಅಂದರೆ ಅವನ ಹೆಂಡತಿ. ವಾರವೆಲ್ಲ ಮನೆಯೂಟ ಉಂಡ ನಾಲಗೆಗೆ ಅಂದು ವಿದೇಶ ಪ್ರವಾಸ.

ಅವನು ಹೋದ ಮೇಲೆ ಅತ್ತಿಗೆ ಊಟ ಬಿಟ್ಟರು. ತಟ್ಟೆಯ ಮುಂದೆ ಕೂರುತ್ತಿದ್ದರು, ತುತ್ತನ್ನು ಅತ್ತಿಂದಿತ್ತ ಸರಿಸಿ ಎದ್ದುಬಿಡುತ್ತಿದ್ದರು. ಕೈಗಡಿಯಾರ ಮೊಣಕೈವರೆಗೆ ಜಾರತೊಡಗಿತು. ನನ್ನ ಹೆಂಡತಿ ದಿನಾ ಡಬ್ಬಿ ಒಯ್ದು, ದಿನಾ ಅದನ್ನು ತುಂಬಿದ ಹಾಗೆಯೇ ವಾಪಸು ತರುತ್ತಿದ್ದಳು. ಆಗ ನನ್ನ ತಲೆಯಲ್ಲಿ ಒಂದು ದಿವ್ಯ ಯೋಜನೆ ಉದಯಿಸಿತು. ಕಪ್ತಾನನ ರುಚಿ ಸಿಗುವ ಅಸಲಿ ಹೋಟೆಲಿಗೆ ಕರೆದೊಯ್ದರೆ ಅತ್ತಿಗೆ ಖಂಡಿತ ಉಣ್ಣುತ್ತಾರೆ.

"ಮನೆ ಊಟಾನೇ ಇಳೀತಿಲ್ಲ, ಹೋಟೆಲಿಂದು ಇಳಿಯುತ್ತಾ?" ಎಂದಳು ಹೆಂಡತಿ.

"ಅದು ಊಟ ಅಲ್ಲ ಕಣೇ, ಅವನ ನೆನಪು."

"ನೆನಪನ್ನ ಬೆಣ್ಣೇಲಿ ಹುರಿದು ಕೊಡ್ತಾರೇನ್ರೀ?"

ನಾನು ತಪಾಸಣೆಗೆ ಹೊರಟೆ. ಗ್ರಂಥಾಲಯದಲ್ಲಿ ತಪ್ಪು ಕಪಾಟು ಸೇರಿದ ಪುಸ್ತಕಗಳನ್ನು ಹುಡುಕುತ್ತ ತಲೆ ನರೆಸಿಕೊಂಡವನಿಗೆ ಒಂದು ಹೋಟೆಲು ಯಾವ ಲೆಕ್ಕ? ಕಪ್ತಾನನ ಪಾಸ್ತಾದ ಲಕ್ಷಣಗಳು ನನಗೆ ಬಾಯಿಪಾಠವಾಗಿದ್ದವು. ಎಳೆಗಳು ಒಂದನ್ನೊಂದು ಬಿಗಿದಪ್ಪಿರಬೇಕು. ಬೆಳ್ಳುಳ್ಳಿ ಕಪ್ಪಗಿರಬೇಕು. ಚಾಕುವಿನಿಂದ ಕತ್ತರಿಸಿ ತೆಗೆಯುವಂತಿರಬೇಕು. ಮೊದಲ ಹೋಟೆಲಿನಲ್ಲಿ ಎಳೆಗಳು ಬಿಡಿಬಿಡಿಯಾಗಿದ್ದವು. ನಕಲಿ ಎಂದು ಎದ್ದುಬಂದೆ. ಮರುಸಂಜೆ ಹೋದಲ್ಲಿ ಬೆಳ್ಳುಳ್ಳಿ ಹೊಂಬಣ್ಣದಲ್ಲಿತ್ತು. ಅದೂ ನಕಲಿ. ಇನ್ನೊಂದು ಕಡೆ ಬಡಿಸುವವನನ್ನು ಕರೆದು, "ಇದು ಚಾಕುವಿಗೆ ನಿಲ್ತಾ ಇಲ್ವಲ್ಲಪ್ಪ" ಎಂದೆ. ಅವನು ಮೆಲ್ಲಗೆ ಚಾಕುವನ್ನು ನನ್ನಿಂದ ದೂರ ಸರಿಸಿದ.

ಅತ್ತಿಗೆಗೆ ಈ ಭಾನುವಾರವೇ ಎಂದು ಮಾತು ಕೊಟ್ಟಾಗಿತ್ತು. ದಿನ ಹತ್ತಿರವಾದಂತೆ ನನಗೆ ಒಂದೇ ಯೋಚನೆ. ಅಲ್ಲಿಯೂ ಅವರು ತುತ್ತು ಸರಿಸಿ ಎದ್ದುಬಿಟ್ಟರೆ? ಅದರಾಚೆ ಮಾಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಶನಿವಾರ ಟೈರ್ ಅಂಗಡಿಯ ಹಿಂದೆ ಒಂದು ಪುಟ್ಟ ಹೋಟೆಲು ಕಣ್ಣಿಗೆ ಬಿತ್ತು. ಮಾಲೀಕ ಇಟಲಿಯವನೇ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಟೊಮೆಟೊ ಸಾಸ್ ಬಾಟಲಿ ಕೇಳಿದ ಗಿರಾಕಿಯನ್ನು ತನ್ನ ಭಾಷೆಯಲ್ಲಿ ಬೈಯುತ್ತಿದ್ದ. ಇಷ್ಟು ಕೋಪ ನಕಲಿಯಾಗಿರಲು ಸಾಧ್ಯವಿಲ್ಲ. ತಿಂದು ನೋಡದೆಯೇ ಮೇಜು ಕಾದಿರಿಸಿದೆ.

ಭಾನುವಾರ ತಟ್ಟೆಗಳು ಬಂದವು. ಎಳೆಗಳು ಬಿಡಿಬಿಡಿ. ಬೆಳ್ಳುಳ್ಳಿ ಹೊಂಬಣ್ಣ. ಈ ಸಲ ಎದ್ದುಹೋಗುವಂತೆಯೂ ಇರಲಿಲ್ಲ.

ಅತ್ತಿಗೆ ಒಂದು ತುತ್ತು ಬಾಯಿಗಿಟ್ಟರು. ಇನ್ನೊಂದು ಇಟ್ಟರು. ಆಮೇಲೆ ತಲೆಯೆತ್ತಲಿಲ್ಲ. ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದ ಮೇಲೆ ನನ್ನನ್ನು ನೋಡಿದರು.

"ಪಾಸ್ತಾ ಅಂದ್ರೆ ಇದಾ?"

"ಹೌದು ಅತ್ತಿಗೆ."

"ಹಾಗಾದ್ರೆ ನಮ್ಮನೆಯವರು ಇಷ್ಟು ವರ್ಷ ನಮಗೆ ತಿನ್ನಿಸಿದ್ದೇನು?"

ನನ್ನ ಹೆಂಡತಿಗೆ ನೀರು ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ, "ಅಕ್ಕ, ಅದು ನನಗೆ ಗೋಡೆಗೆ ಚೀಟಿ ಹಚ್ಚೋ ಅಂಟಿನ ಹಾಗೇ ಇರ್ತಿತ್ತು," ಎಂದಳು.

"ಮತ್ತೆ ಹೇಳಬಾರದಿತ್ತೇನೇ?"

"ಹೇಗೆ ಹೇಳ್ಲಿ? ಇವರು ಎರಡೆರಡು ಸಲ ಹಾಕಿಸ್ಕೊಳ್ತಿದ್ರಲ್ಲ."

ಇಬ್ಬರೂ ನನ್ನತ್ತ ತಿರುಗಿದರು.

"ನನಗೂ ಗಂಟಲಲ್ಲಿ ಇಳೀತಿರಲಿಲ್ಲ," ಎಂದೆ. "ಅವನು ನೊಂದ್ಕೋಬಾರದು ಅಂತ ಹಾಕಿಸ್ಕೊಳ್ತಿದ್ದೆ. ಅದು ಅಂದ್ರೆ ಅವನಿಗೆ ಪ್ರಾಣ ಅಲ್ವಾ?"

"ಪ್ರಾಣವಾ?" ಎಂದರು ಅತ್ತಿಗೆ. "ನೀವು ಹೊರಟ ತಕ್ಷಣ ಅಡುಗೆಮನೇಲಿ ನಿಂತ್ಕೊಂಡು ಹಿಂದಿನ ದಿನದ ತಂಗಳು ತಿನ್ನೋರು. ಯಾಕ್ರೀ ಮಾಡ್ತೀರಿ, ಬಿಟ್ಟುಬಿಡಿ ಅಂದ್ರೆ, 'ಆ ಪುಣ್ಯಾತ್ಮನಿಗೆ ಬೇರೇನೂ ಸೇರಲ್ಲ ಕಣೇ, ಪಾಪ' ಅನ್ನೋರು."

ಪುಣ್ಯಾತ್ಮ ಎಂದರೆ ನಾನು.

ಅತ್ತಿಗೆ ನಗತೊಡಗಿದರು. ನಗುತ್ತಲೇ ಕಣ್ಣೊರೆಸಿಕೊಂಡು ಇನ್ನೊಂದು ತಟ್ಟೆ ತರಿಸಿಕೊಂಡರು. ನನ್ನ ತಟ್ಟೆ ಹಾಗೇ ಇತ್ತು. ಬಹಳ ರುಚಿಯಾಗಿತ್ತು. ನನಗೆ ಇಳಿಯಲಿಲ್ಲ. ತುತ್ತನ್ನು ಅತ್ತಿಂದಿತ್ತ ಸರಿಸುತ್ತ ಕೂತೆ.

ಅತ್ತಿಗೆ ಅದನ್ನು ಗಮನಿಸಿದ್ದರೆಂದು ತೋರುತ್ತದೆ. ಮುಂದಿನ ಭಾನುವಾರ ಮನೆಗೆ ಕರೆದರು. ಬೆಳ್ಳುಳ್ಳಿ ಕಪ್ಪಾಗುವವರೆಗೆ ಒಲೆಯ ಮುಂದೆ ಕಾದು ನಿಂತು, ಎಳೆಗಳು ಮುದ್ದೆಯಾಗುವವರೆಗೆ ಬೇಯಿಸಿ, ಚಾಕು ಸಮೇತ ತಂದು ನನ್ನ ಮುಂದಿಟ್ಟರು. ತಮಗೂ ನನ್ನ ಹೆಂಡತಿಗೂ ಟೈರ್ ಅಂಗಡಿಯ ಹಿಂದಿನಿಂದ ತರಿಸಿಕೊಂಡಿದ್ದರು.

ನಾನು ಕತ್ತರಿಸಿ ಬಾಯಿಗಿಟ್ಟೆ. ಅದು ಎಂದಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು.

"ಇನ್ನೊಂದು ಚೂರು ಹಾಕಲಾ?" ಎಂದರು ಅತ್ತಿಗೆ.

ತಟ್ಟೆ ಮುಂದೆ ಚಾಚಿದೆ.